ಸಂಜೀವಣ್ಣನ ಹರಕೆಯ ಬಿಯರ್

ಅತ್ತೆಯವರ ಕಾಲು ಬಾತುಕೊಂಡಿದೆ ಅಂತ ಡಾಕ್ಟರು ಬಾರ್ಲಿ ನೀರು ಕುಡಿಸಲು ಹೇಳಿದರು. ಹೆಂಡತಿ ಒಲೆಯ ಮೇಲೆ ಬಾರ್ಲಿ ಕುದಿಯಲಿಟ್ಟು ಬಟ್ಟೆ ಒಣಗಿಸಲು ಹೋದಳು. ಅಡುಗೆಮನೆಯ ಬಾಗಿಲಿಗೆ ಬಂದ ನಾನು ಮೂಗು ಅರಳಿಸಿ ಅಲ್ಲೇ ನಿಂತುಬಿಟ್ಟೆ. ತಿರುಗಿ ಬಂದವಳು, ತಳ ಹಿಡಿಯಿತಾ ಅಂತ ಕೇಳಿದಳು. ಹಿಡಿದಿರಲಿಲ್ಲ. ಆ ಹಬೆಯಲ್ಲಿ ನನಗೆ ಕಂಡದ್ದು ಮಂಕಿ ಕ್ಯಾಪ್ ಹಾಕಿಕೊಂಡ ಸಂಜೀವಣ್ಣನ ಮುಖ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಬಾರ್ಲಿಯ ವಾಸನೆಗೆ ನನಗೊಬ್ಬ ಗಂಡಸಿನ ಮುಖ ನೆನಪಾಗುತ್ತದೆ ಎಂದರೆ ಅವಳು ಏನಂತ ತಿಳಿದುಕೊಂಡಾಳು? ಹಾಗಾಗಿ ಅವಳಿಗೆ ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವರ್ಷದ ಕ್ರೀಡಾಕೂಟಕ್ಕೆಂದು ದೋಹಾವನ್ನು ಇಡಿಯಾಗಿ ಅಗೆದು ಹಾಕಿದ್ದ ಕಾಲ ಅದು, ಎರಡು ಸಾವಿರದ ಐದರ ಬೇಸಿಗೆ. ನಾನಿದ್ದದ್ದು ಅಲ್ ಥುಮಾಮಾದ ಒಂದು ವಿಲ್ಲಾದಲ್ಲಿ. ವಿಲ್ಲಾ ಅಂದಾಗ ನಮ್ಮ ಅಮ್ಮ ಊರಿನವರ ಮುಂದೆ ಸ್ವಲ್ಪ ಬೀಗಿದ್ದಳು, ನಾನೂ ತಿದ್ದಲು ಹೋಗಲಿಲ್ಲ. ಒಂದು ಅರಬ್ಬಿ ಸಂಸಾರ ಇರಬೇಕಾದ ಮನೆಯನ್ನು ಪ್ಲೈವುಡ್ಡಿನಿಂದ ಸೀಳಿ ಇಪ್ಪತ್ತು ಬ್ಯಾಚುಲರುಗಳನ್ನು ತುಂಬಿಸಿದ್ದರು. ಅಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನಲ್ಲ, ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸಂಬಳ ಇಲ್ಲದವನು. ನಾನು ಎರಡೂ ಅರ್ಥದಲ್ಲಿ ಬ್ಯಾಚುಲರ್ ಆಗಿದ್ದೆ.

ನಮ್ಮ ಕೋಣೆಯಲ್ಲಿ ಮೂವರು. ಕಿನ್ನಿಗೋಳಿಯ ಸಿರಿಲ್ ಒಂದು ಸೂಪರ್ ಮಾರ್ಕೆಟಿನ ಬೇಕರಿಯಲ್ಲಿ ಬ್ರೆಡ್ ಮಾಡುತ್ತಿದ್ದ. ಮೂಡುಬಿದಿರೆ ಕಡೆಯ ಸಂಜೀವಣ್ಣ ಮೆಸಯೀದಿನ ಪ್ಲಾಂಟಿನಲ್ಲಿ ಹೆಲ್ಪರ್. ನಲವತ್ತೈದು ದಾಟಿದ ಮನುಷ್ಯ, ಸಿಗರೇಟಿಲ್ಲ, ಬೀಡಿಯಿಲ್ಲ, ಟೀಗೂ ಸಕ್ಕರೆ ಕಡಿಮೆ. ಕಂಪನಿ ಕ್ಯಾಂಪಿನ ಊಟ ಸೇರದೆ ನಮ್ಮ ಜೊತೆ ಇದ್ದು, ನಸುಕಿಗೇ ಕಂಪನಿ ಬಸ್ಸು ಹಿಡಿಯುತ್ತಿದ್ದರು. ಮೂರನೆಯವನು ನಾನು, ಪಚ್ಚು, ಒಂದು ಕಟ್ಟಡದ ಕಂಪನಿಯಲ್ಲಿ ಫೈಲು ಜೋಡಿಸುವವನು. ನನ್ನ ನಿಜವಾದ ಉದ್ಯೋಗ ರೂಮಿಗೆ ಬಂದ ಮೇಲೆ ಶುರುವಾಗುತ್ತಿತ್ತು. ಗದ್ದವನ್ನು ಎದೆಗೆ ಒತ್ತಿ "ಹಾಗಲ್ಲ ಅದು" ಅಂದರೆ ಸಂಜೀವಣ್ಣ. ಮೂಗಿನಿಂದ ಹಾಡಿದ ಹಾಗೆ ಮಾತಾಡಿದರೆ ಸಿರಿಲ್. ಎರಡೂ ಕೈ ಮೇಲೆತ್ತಿ "ಹಬೀಬಿ, ನಾಳೆ" ಅಂದರೆ ನಮ್ಮ ಈಜಿಪ್ಟಿನ ಮ್ಯಾನೇಜರ್. ಆ ಮ್ಯಾನೇಜರನ ಮುಂದೆ ಸೊಂಟ ಬಗ್ಗಿಸಿ "ಯೆಸ್ ಸರ್" ಅನ್ನುವ ಒಬ್ಬ ಹುಳವನ್ನೂ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗೂ ಅದೇ ಹೆಚ್ಚು ಇಷ್ಟ. ಅದು ನಾನು.

ಜೂನ್ ತಿಂಗಳಲ್ಲಿ ಸಂಜೀವಣ್ಣನ ಐಟಿಐ ಸರ್ಟಿಫಿಕೇಟು ಕಳೆದುಹೋಯಿತು. ಹೆಲ್ಪರಿನಿಂದ ಟೆಕ್ನಿಷಿಯನ್ ಆಗಲು ಆರು ವರ್ಷದಿಂದ ಕಾಯುತ್ತಿದ್ದವರು. ಒರಿಜಿನಲ್ ತೋರಿಸಿದರೆ ಆಯಿತು ಎಂದು ಆಫೀಸು ಹೇಳಿತ್ತು. ತೋರಿಸಲು ಒಯ್ದ ದಿನವೇ ಪ್ಲಾಸ್ಟಿಕ್ ಹಾಕಿಸಿದ ಆ ಕಾಗದ ಕಾಣೆ. ಹಾಸಿಗೆ ಮಗುಚಿದೆವು, ಅಕ್ಕಿಯ ಚೀಲ ಮಗುಚಿದೆವು. ಮೂರನೆಯ ದಿನ ಅವರು ಗೋಡೆಗೆ ಮುಖ ಮಾಡಿ ಕೂತು ನಮ್ಮೂರ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡರು. ನಮ್ಮ ಕಡೆ ದನ ತಪ್ಪಿಸಿಕೊಂಡರೂ ಬಂಗಾರ ಕಳೆದರೂ ಅಜ್ಜನನ್ನೇ ಕರೆಯುವುದು. ಅಜ್ಜನೂ ಹೆಚ್ಚೇನೂ ಕೇಳುವವನಲ್ಲ: ವೀಳ್ಯದೆಲೆ, ಅಡಿಕೆ, ಚಕ್ಕುಲಿ, ಒಂದಿಷ್ಟು ಕಳ್ಳು.

ಮಾರನೆಯ ಬೆಳಿಗ್ಗೆ, ಕಾಗದ ಒಯ್ದ ದಿನ ಬಂದಿದ್ದ ಕಂಪನಿ ಬಸ್ಸೇ ಮತ್ತೆ ಬಂತು, ಹತ್ತಿದವರ ಎದುರಿಗೇ ಸರ್ಟಿಫಿಕೇಟು. ಸೀಟಿನಡಿ ಬಿದ್ದಿದ್ದ ಅದನ್ನು ಪೇಶಾವರದ ಡ್ರೈವರ್ ಯಾವುದೋ ಹಳೆಯ ಕ್ಯಾಲೆಂಡರ್ ಅಂದುಕೊಂಡು, ಕಣ್ಣಿಗೆ ಬಿಸಿಲು ಹೊಡೆಯದಂತೆ ಮುಂದಿನ ಗಾಜಿಗೆ ಸಿಕ್ಕಿಸಿಕೊಂಡಿದ್ದ. ಕರ್ನಾಟಕ ಸರಕಾರದ ಗಂಡಭೇರುಂಡ ನಾಲ್ಕು ದಿನ ಮರುಭೂಮಿ ನೋಡುತ್ತಾ ಮೆಸಯೀದಿಗೆ ಹೋಗಿ ಬಂದಿತ್ತು.

ಸಂಜೆ ಸಂಜೀವಣ್ಣ ಲಡ್ಡು ತಂದರು. ಆದರೆ ತಿನ್ನುವಾಗ ಮುಖ ಮಾತ್ರ ಸರ್ಟಿಫಿಕೇಟು ಈಗಷ್ಟೇ ಕಳೆದವರ ಹಾಗಿತ್ತು. ಬಿಡಿಸಿ ಕೇಳಿದಾಗ ಗೊತ್ತಾಯಿತು. ಯಾರೇ ಆದರೂ "ಊರಿಗೆ ಬಂದಾಗ ಕೊಡುತ್ತೇನೆ ಅಜ್ಜ" ಅನ್ನುತ್ತಾರೆ. ಇವರು ಗಾಬರಿಯಲ್ಲಿ "ಇಲ್ಲಿಯೇ ಕೊಡುತ್ತೇನೆ, ಊರಿಗೆ ಹೋಗುವ ಮೊದಲೇ, ನನ್ನ ಕೈಯಾರೆ" ಅಂದುಬಿಟ್ಟಿದ್ದರು. ಕತಾರಿನಲ್ಲಿ, ಕಳ್ಳು!

ಊರಿಗೆ ಫೋನು ಮಾಡಿದರು. ತಾಯಿಯ ಸ್ವರ ರಿಸೀವರಿನಿಂದ ಹೊರಗೆ ನಮಗೂ ಕೇಳುತ್ತಿತ್ತು. "ಎಲ್ಲಿ ಅಂತ ಹೇಳಿದ್ದಿಯೋ ಅಲ್ಲಿಯೇ ಕೊಡು ಮಗಾ. ಅಜ್ಜನಿಗೆ ಪಾಸ್‌ಪೋರ್ಟ್ ಬೇಡ."

ಆ ದೇಶದಲ್ಲಿ ಕುಡಿಯುವುದಕ್ಕೆ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ದೊಡ್ಡ ಸಂಬಳ ಬೇಕು. ಇಲ್ಲವಾದರೆ ದೊಡ್ಡ ಹೋಟೆಲಿನ ಬಾರು, ಅಲ್ಲಿಂದ ಹೊರಗೆ ತರುವ ಹಾಗಿಲ್ಲ. ಅಜ್ಜನನ್ನೇ ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸುವುದೊಂದು ಬಾಕಿ. ಕಳ್ಳು ಇಳಿಸಲು ತೆಂಗಿನ ಮರವಿಲ್ಲ, ಅಂಗಳದಲ್ಲಿದ್ದದ್ದು ಒಂದು ಖರ್ಜೂರದ ಮರ, ಅದನ್ನು ಹತ್ತಿದರೆ ಕೆಳಗೆ ಪೊಲೀಸ್. ಆಗ ಸಿರಿಲ್ ಬಾಯಿ ಬಿಟ್ಟ. ಅವನ ತಾಯಿ ಪ್ರತಿ ಕ್ರಿಸ್ಮಸ್ಸಿಗೆ ಮನೆಯಲ್ಲಿ ದ್ರಾಕ್ಷಿ ವೈನು ಮಾಡುತ್ತಾರೆ. ಹಾಗಾದರೆ ವೈನೇ ಮಾಡುವ ಎಂದೆ. ದ್ರಾಕ್ಷಿಗೆ ಬೆಂಕಿ ರೇಟು, ತಿಂಗಳ ಕೊನೆ ಬೇರೆ, ಮೂವರ ಸಂಬಳವೂ ಊರಿಗೆ ಹೋಗಿಯಾಗಿತ್ತು. ಅತಿ ಅಗ್ಗಕ್ಕೆ ಸಿಗುವುದು ಬಾರ್ಲಿ. ನಾನು ಆಫೀಸಿನ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಮನೆಯಲ್ಲೇ ಬಿಯರ್ ಮಾಡುವ ಕ್ರಮವನ್ನು ಆರು ಹಾಳೆ ಪ್ರಿಂಟ್ ತೆಗೆದೆ. ಸಿಮೆಂಟಿನ ಕೊಟೇಶನ್ ಎಂಬ ಫೈಲಿನಲ್ಲಿಟ್ಟು ತಂದೆ.

ಬಿಯರಾದರೆ ಅಜ್ಜ ಒಪ್ಪುತ್ತಾನಾ ಎಂದು ಸಂಜೀವಣ್ಣನಿಗೆ ಅನುಮಾನ. ಊರಲ್ಲೂ ಈಗ ಕಳ್ಳು ಸಿಗದಾಗ ಬಾಟ್ಲಿ ಇಡುತ್ತಾರಲ್ಲ ಎಂದು ಸಿರಿಲ್ ಸಮಾಧಾನ ಮಾಡಿದ. ಕ್ರೈಸ್ತನಾದ ಅವನಿಗೆ ಅಜ್ಜನ ಕಟ್ಟಳೆಗಳು ನನಗಿಂತ ಚೆನ್ನಾಗಿ ಗೊತ್ತಿದ್ದವು.

ಬಾರ್ಲಿ ಕೊಳ್ಳಬೇಕಾದದ್ದು ಹಮೀದಾಕನ ಅಂಗಡಿಯಿಂದ. ಬಂಟ್ವಾಳದ ಹಮೀದಾಕ ಇಪ್ಪತ್ತೈದು ವರ್ಷದಿಂದ ಕತಾರಿನಲ್ಲಿದ್ದವರು. ವಿಲ್ಲಾದ ಮುಂಭಾಗದ ದಿನಸಿ ಅಂಗಡಿ ಅವರದು, ಅರಬನಿಂದ ಇಡೀ ವಿಲ್ಲಾ ಬಾಡಿಗೆಗೆ ಹಿಡಿದು ನಮಗೆ ಕೋಣೆ ಕೊಟ್ಟವರೂ ಅವರೇ. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ. ಅವರಿಗೆ ವಾಸನೆ ಹತ್ತಿದರೆ ಕೋಣೆ ಹೋಗುತ್ತದೆ, ಪೊಲೀಸರಿಗೆ ಹತ್ತಿದರೆ ನಾವೇ ಹೋಗುತ್ತೇವೆ, ಸಂಜೀವಣ್ಣನ ಆರು ವರ್ಷವೂ ಹೋಗುತ್ತದೆ. ಐದು ಕಿಲೋ ಬಾರ್ಲಿ ಯಾಕೆಂದು ಹಮೀದಾಕ ಕೇಳಿದಾಗ ನನ್ನ ಬಾಯಿಗೆ ಬಂದ ಸುಳ್ಳು, ಸಂಜೀವಣ್ಣನಿಗೆ ಮೂತ್ರದಲ್ಲಿ ಕಲ್ಲು.

ಈ ಸುಳ್ಳನ್ನು ನಾನು ಬಹಳ ಹೆಮ್ಮೆಯಿಂದ ಹೇಳಿದೆ, ಅನುಭವಿಸಿದ್ದು ಸಂಜೀವಣ್ಣ. ಅಂದಿನಿಂದ ಅವರು ಅಂಗಡಿಯ ಮುಂದೆ ಹಾದರೆ ಸಾಕು, ಹಮೀದಾಕ ಗಿರಾಕಿಗಳ ನಡುವಿನಿಂದಲೇ "ಸಂಜೀವಾ, ಸರಿ ಹೋಗ್ತದಾ? ಉರಿ ಉಂಟಾ?" ಎಂದು ಕೂಗಿ ಕೇಳುತ್ತಿದ್ದರು. ಸಂಜೀವಣ್ಣ ಗದ್ದ ಎದೆಗೆ ಒತ್ತಿ, ಹೋಗ್ತದೆ ಅನ್ನುತ್ತಿದ್ದರು. ಮಲಯಾಳಿ ಗಿರಾಕಿಗಳು ಅನುಕಂಪದಿಂದ ದಾರಿ ಬಿಡುತ್ತಿದ್ದರು.

ಹೆಸರುಕಾಳು ಮೊಳಕೆ ಬರಿಸುವ ಹಾಗೆಯೇ ಬಾರ್ಲಿಯನ್ನು ನೆನೆಸಿ, ಒದ್ದೆ ಬೈರಾಸಿನಲ್ಲಿ ಕಟ್ಟಿಟ್ಟೆವು. ಹಮೀದಾಕ ಕೊಟ್ಟದ್ದು ಪಾಲಿಶ್ ಮಾಡಿದ ಬಾರ್ಲಿ, ಏಳು ಜನ್ಮಕ್ಕೂ ಮೊಳಕೆ ಬರುವುದಲ್ಲ. ಮೂರು ದಿನ ಕಾದದ್ದಕ್ಕೆ ಬಂದದ್ದು ನಾತ ಮಾತ್ರ. ಕೊನೆಗೆ ಸಿರಿಲ್, ಕುರಿ-ಪಾರಿವಾಳಗಳಿಗೆ ಹಾಕುವ ಸಿಪ್ಪೆಯ ಬಾರ್ಲಿಯನ್ನು ಸೂಕಿನಿಂದ, ಅಂದರೆ ಅಲ್ಲಿನ ಹಳೆಯ ಸಂತೆಯಿಂದ, ಹೊತ್ತು ತಂದ. ಇನ್ನೂ ಅಗ್ಗ. ಅದು ಎರಡೇ ದಿನದಲ್ಲಿ ಬಾಲ ಬಿಟ್ಟಿತು. ಟೆರೇಸಿನಲ್ಲಿ ಸಂಜೀವಣ್ಣನ ಬೆಡ್‌ಶೀಟ್ ಹಾಸಿ ಒಣಗಿಸಿದೆವು. ಆ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು. ತವೆಯಲ್ಲಿ ಹುರಿದು ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದೆವು. ಮುಂದೆ ಅದನ್ನು ಬಿಸಿ ನೀರಲ್ಲಿ ನೆನೆಸಬೇಕು. ಜುಲೈಯಲ್ಲಿ ಅಲ್ಲಿನ ತಣ್ಣೀರಿನ ನಲ್ಲಿ ತಿರುಗಿಸಿದರೆ ಟೆರೇಸಿನ ಟ್ಯಾಂಕಿಯಿಂದ ಕೈ ಸುಡುವ ನೀರು ಬರುತ್ತದೆ, ಒಲೆಗಿಟ್ಟು ಸ್ವಲ್ಪ ಕಾಸಿದರೆ ಮುಗಿಯಿತು. ಕಹಿಗೆ ಹಾಕುವ ಹೂವೊಂದು ಬೇಕೆಂದು ಹಾಳೆಯಲ್ಲಿತ್ತು. ಅದೆಲ್ಲಿ ತರುವುದು? ಜ್ವರ ಬಂದರೆ ಇರಲಿ ಎಂದು ಸಂಜೀವಣ್ಣನ ತಾಯಿ ಕಟ್ಟಿಕೊಟ್ಟಿದ್ದ ಕಿರಾತಕಡ್ಡಿ ಹಾಕಿದೆವು. ಕಹಿಗೆ ಏನೂ ಕಡಿಮೆಯಾಗಲಿಲ್ಲ.

ಮೊದಲ ಸಲ ಆ ಹುರಿದ ಬಾರ್ಲಿಯ ರಸ ಕುದಿದಾಗ ಕೋಣೆ ತುಂಬ ಸಿಹಿಯಾದ, ಗಂಜಿಗೂ ಬ್ರೆಡ್ಡಿಗೂ ನಡುವಿನ ಒಂದು ವಾಸನೆ ಎದ್ದಿತು. ಕೋಲಿನಿಂದ ತಿರುವುತ್ತಿದ್ದ ಸಂಜೀವಣ್ಣ ಥಟ್ಟನೆ ಕೋಲನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಹೊರಗೆ ಬೆಂಕಿಯಂಥ ಬಿಸಿಲು. ಬಗ್ಗಿ ನೋಡಿದರೆ ಗೋಡೆಗೆ ಒರಗಿ ಎರಡೂ ಕೈ ಕಂಕುಳಲ್ಲಿಟ್ಟು ನಿಂತಿದ್ದಾರೆ. ನಾನು ಪಕ್ಕದಲ್ಲಿ ಹೋಗಿ ಅದೇ ಭಂಗಿಯಲ್ಲಿ ನಿಂತೆ, ಮುಖವನ್ನೂ ಹಾಗೆಯೇ ಮಾಡಿದೆ. ಬಿಯರ್ ವಾಸನೆಗೆ ಅಷ್ಟು ಹೇಸಿಗೆಯಾ ಸಂಜೀವಣ್ಣ, ಎಂದು ಚುಚ್ಚಿದೆ.

"ಹಾಗಲ್ಲ ಅದು," ಎಂದರು. "ವಾಸನೆ ಆಗುವುದಿಲ್ಲ ಅಂತಲ್ಲ ಪಚ್ಚು. ತುಂಬಾ ಆಗ್ತದೆ."

ಆಮೇಲೆ ನಿಧಾನವಾಗಿ ಹೇಳಿದರು. ಒಂದು ಕಾಲದಲ್ಲಿ ಅವರ ಬೆಳಗು ಶುರುವಾಗುತ್ತಿದ್ದದ್ದೇ ಕಳ್ಳಿನ ಗಡಂಗಿನಲ್ಲಂತೆ. ತಂಗಿಯ ಮದುವೆಯ ದಿನ ಧಾರೆಯ ಹೊತ್ತಿಗೂ ಅಲ್ಲೇ ಇದ್ದರಂತೆ. ಅಣ್ಣ ನಿಲ್ಲಬೇಕಾದ ಜಾಗದಲ್ಲಿ ನೆರೆಮನೆಯವನು ನಿಂತು ಮದುವೆ ಮುಗಿಸಿದ. ಯಾರೂ ಬೈಯಲಿಲ್ಲವಂತೆ, ತಂಗಿ ಕಾಲಿಗೆ ಬಿದ್ದು ನಮಸ್ಕರಿಸಿ ಗಂಡನ ಮನೆಗೆ ಹೋದಳಂತೆ. ಮರುದಿನ ಬಿಟ್ಟದ್ದು. ಹದಿಮೂರು ವರ್ಷವಾಗಿತ್ತು.

ಹಾಗಾದರೆ ನೀವು ಇದನ್ನು ಮುಟ್ಟಬೇಡಿ, ನಾವಿಬ್ಬರೇ ಮಾಡುತ್ತೇವೆ ಎಂದೆ. ಅವರು ಒಪ್ಪಲಿಲ್ಲ. ನನ್ನ ಕೈಯಾರೆ ಎಂದು ಬಾಯಿ ಬಿಟ್ಟು ಹೇಳಿಯಾಗಿದೆ, ಇನ್ನು ಬೇರೆಯವರ ಕೈ ಆಗುವುದಿಲ್ಲ ಎಂದರು. ಬೆವರು ಒರೆಸಿಕೊಂಡು ಒಳಗೆ ಹೋಗಿ ಮತ್ತೆ ಕೋಲು ಹಿಡಿದರು. ಅಂದಿನಿಂದ ನಾನು ಆ ಮನುಷ್ಯನ ಗದ್ದದ ನಕಲು ಮಾಡಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಮಾಡಿದೆ. ಆದರೆ ಪಾತ್ರೆಯ ಹತ್ತಿರ ಅವರೊಬ್ಬರನ್ನೇ ಬಿಟ್ಟು ಹೋಗುವುದನ್ನು ನಿಲ್ಲಿಸಿದೆ.

ಮೊದಲನೆಯ ಸಲದ್ದು ಕೆಟ್ಟಿತು. ರಸಕ್ಕೆ ಸಕ್ಕರೆ ಮತ್ತು ಸಿರಿಲ್ ತಂದ ಬ್ರೆಡ್ಡಿನ ಈಸ್ಟು ಹಾಕಿ, ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನಿಗೆ ತುಂಬಿ ಬಾತ್‌ರೂಮಿನಲ್ಲಿ ಇಟ್ಟಿದ್ದೆವು. ಆ ಸೆಕೆಗೆ ಅದು ಹುಳಿಹುಳಿ ವಿನೆಗರ್ ಆಯಿತು. ಸಿರಿಲ್ ಅದರಲ್ಲಿ ಕೋಳಿ ನೆನೆಸಿಟ್ಟು ಗಸಿ ಮಾಡಿದ. ರುಚಿಯಾಗಿತ್ತು, ಇಡೀ ವಾರ ತಿಂದೆವು.

ಎರಡನೆಯ ಸಲ ಕ್ಯಾನನ್ನು ಕೋಣೆಗೇ ತಂದೆವು. ತಣ್ಣಗಿನ ಜಾಗ ಒಂದೇ, ಏಸಿಯ ಗಾಳಿ ನೇರ ಬೀಳುವ ಸಂಜೀವಣ್ಣನ ಮಂಚದ ತಲೆದೆಸೆ. ಏಸಿ ಅಂದರೆ ಆಗದ ಮನುಷ್ಯ, ಪ್ರತಿದಿನ ರಿಮೋಟಿಗಾಗಿ ನಮ್ಮೊಡನೆ ಜಗಳ. ಈಗ ಅವರೇ ಹದಿನೆಂಟಕ್ಕೆ ಇಟ್ಟು, ಮಂಕಿ ಕ್ಯಾಪು, ಸ್ವೆಟರು, ಕಾಲಿಗೆ ಸೇಫ್ಟಿ ಶೂವಿನ ಸಾಕ್ಸು ಹಾಕಿಕೊಂಡು ಮಲಗಿದರು. ಅಗಸ್ಟಿನ ಕತಾರಿನಲ್ಲಿ ಶೀತವಾಗಿ ಕೆಮ್ಮಿದ ಏಕೈಕ ಕಾರ್ಮಿಕ ಅವರೇ ಇರಬೇಕು. ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು ಎಂದು ಹಾಳೆಯಲ್ಲಿತ್ತು. ಅದಕ್ಕೊಂದು ಯಂತ್ರವಿದೆಯಂತೆ. ನಾವು ಬೇಕರಿಯ ಹುಟ್ಟುಹಬ್ಬದ ಬಲೂನಿಗೆ ಸೂಜಿಯಿಂದ ಒಂದು ತೂತು ಮಾಡಿ ಕ್ಯಾನಿನ ಬಾಯಿಗೆ ಕಟ್ಟಿದೆವು. ಗುಲಾಬಿ ಬಲೂನು, ನಗುವ ಮುಖದ್ದು. ಮರುದಿನ ಸಂಜೆ ಬರುವಾಗ ಅದು ಎದ್ದು ನಿಂತು ನಗುತ್ತಿತ್ತು. ಮೂವರೂ ಕೈಗೂಸು ನೋಡುವವರ ಹಾಗೆ ಸುತ್ತ ಕೂತೆವು.

ಎಂಟನೆಯ ದಿನ, ಗುರುವಾರ ಸಂಜೆ, ಬಾಗಿಲು ತಟ್ಟಿದ ಸದ್ದು ಕೇಳಿ ಬೇಕರಿಯಿಂದ ಸಿರಿಲ್ ಬಂದ ಎಂದುಕೊಂಡು ತೆರೆದೆ. ಹಮೀದಾಕ. ಕೈಯಲ್ಲಿ ಒಂದು ಸೀಸೆ, ಕಲ್ಲು ಕರಗಿಸಲು ಊರಿನಿಂದ ತರಿಸಿದ ಕಷಾಯ. ರೋಗಿ ಎಲ್ಲಿ ಎಂದು ಒಳಗೇ ಬಂದರು. ರೋಗಿ ಮಂಕಿ ಕ್ಯಾಪಿನಲ್ಲಿ ಕೂತಿದ್ದರು, ಅವರ ತಲೆಯ ಪಕ್ಕ ಗುಲಾಬಿ ಬಲೂನು ನಗುತ್ತಿತ್ತು. ಹಮೀದಾಕ ಮೂಗು ಒಂದು ಸಲ ಎಳೆದರು. ನಾನು, ಇದು ಕಲ್ಲಿಗೆ ಕೊಡುವ ಹುಳಿ ಗಂಜಿ, ಆಯುರ್ವೇದ, ಅಂತೆಲ್ಲಾ ಶುರು ಮಾಡಿದೆ. ನನ್ನ ಸ್ವರ ನನಗೇ ಬೇರೆ ಯಾರೋ ಮಾಡುವ ನನ್ನ ನಕಲಿನ ಹಾಗೆ ಕೇಳಿಸಿತು.

ಸಂಜೀವಣ್ಣ ಟೊಪ್ಪಿ ತೆಗೆದು ಎದ್ದು ನಿಂತರು. "ಸುಳ್ಳು ಹಮೀದಾಕ. ಕಲ್ಲಿಲ್ಲ. ಇದು ಬಿಯರ್. ಅಜ್ಜನಿಗೆ ಹರಕೆ ಉಂಟು."

ಸರ್ಟಿಫಿಕೇಟು, ಬಸ್ಸು, ಹರಕೆ, ಎಲ್ಲವನ್ನೂ ಸಂಜೀವಣ್ಣ ಹೇಳಿ ಮುಗಿಸುವವರೆಗೆ ಹಮೀದಾಕ ಬಲೂನನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಬೇಕು ಅಜ್ಜನಿಗೆ? ಒಂದು ಚೆಂಬು ಸಾಕು ಎಂದರು ಸಂಜೀವಣ್ಣ.

"ನಮ್ಮ ಉಮ್ಮನ ದನ ತಪ್ಪಿದಾಗ ನೆರೆಕರೆಯ ಹೆಂಗಸು ನಿಮ್ಮ ಅಜ್ಜನಿಗೇ ಹೇಳಿಕೊಂಡದ್ದು. ದನ ಬಂತು," ಎಂದರು ಹಮೀದಾಕ. "ಒಂದು ಚೆಂಬು ನಾನು ನೋಡಲಿಲ್ಲ. ಉಳಿದದ್ದು ನಾಳೆ ಸಂಜೆ ಮಗ್ರಿಬಿಗೆ ಮೊದಲು ಈ ಕಟ್ಟಡದಲ್ಲಿ ಇರಬಾರದು. ಇದ್ದರೆ ನೀವೂ ಇರಬಾರದು. ಖಲಾಸ್." ಬಾಗಿಲ ತನಕ ಹೋದವರು ತಿರುಗಿ ನನ್ನತ್ತ ಕೈ ತೋರಿಸಿದರು. ಆ ಕಷಾಯವನ್ನು ಈ ಸುಳ್ಳನಿಗೆ ಮೂರು ದಿನ ಕುಡಿಸಿ, ಎಂದು ಹೇಳಿ ಇಳಿದು ಹೋದರು. ಕುಡಿದೆ. ಸಂಜೀವಣ್ಣ ಎದುರಿಗೆ ಕೂತು ಕುಡಿಸಿದರು.

ಶುಕ್ರವಾರ ರಜೆ. ಇಳಿಹೊತ್ತಿಗೆ ಟೆರೇಸಿನಲ್ಲಿ ಟ್ಯಾಂಕಿಯ ಹಿಂದೆ ಒಂದಿಷ್ಟು ಜಾಗ ತೊಳೆದೆವು. ಊರಿನ ದಿಕ್ಕು ಯಾವುದೆಂದು ಸಿರಿಲ್ ಆಕಾಶದಲ್ಲಿ ಏರುತ್ತಿದ್ದ ವಿಮಾನ ನೋಡಿ ನಿರ್ಧರಿಸಿದ. ಹಮೀದಾಕನ ಅಂಗಡಿಯಿಂದ ಚಕ್ಕುಲಿ ತಂದೆ. ಪೊಟ್ಟಣ ಕೊಡುವಾಗ ಅವರು ಯಾರಿಗೆ ಎಂದು ಕೇಳಲಿಲ್ಲ, ಹಣವನ್ನೂ ತೆಗೆದುಕೊಳ್ಳಲಿಲ್ಲ. ತಾಯಿ ಕಟ್ಟಿಕೊಟ್ಟಿದ್ದ ಅಡಿಕೆ ಇತ್ತು, ಬಂಗಾಳಿ ತರಕಾರಿಯವನಲ್ಲಿ ಬಾಡಿದ ಐದು ವೀಳ್ಯದೆಲೆ ಸಿಕ್ಕಿತು. ಸಂಜೀವಣ್ಣ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದರು. ಕ್ಯಾನಿನಿಂದ ಚೆಂಬಿಗೆ ಬಗ್ಗಿಸಿದಾಗ ಕಂದು ಬಣ್ಣದ ನೀರು, ಮೇಲೆ ತೆಳ್ಳಗೆ ನೊರೆ. ನಿಜವಾದ ನೊರೆ. ಸಿರಿಲ್ ಶಿಲುಬೆಯ ಗುರುತು ಮಾಡಿಕೊಂಡ.

ಸಂಜೀವಣ್ಣ ತುಳುವಿನಲ್ಲಿ ಹೇಳಿಕೊಂಡದ್ದು ಬಹಳ ಇರಲಿಲ್ಲ. ಅಜ್ಜಾ, ಹೇಳಿದ ಹಾಗೆ ಕೊಟ್ಟಿದ್ದೇನೆ, ನನ್ನ ಕೈಯಲ್ಲಿ ಆದದ್ದು ಇಷ್ಟು, ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೋ. ಆ ಹೊತ್ತಿಗೆ ಅಷ್ಟು ಸಾಕಾಗಿತ್ತು. ಆಮೇಲೆ ಪ್ರಸಾದವೆಂದು ನನಗೂ ಸಿರಿಲ್‌ಗೂ ಅಂಗೈಗೆ ಒಂದೊಂದು ಗುಟುಕು ಹಾಕಿದರು. ಎರಡು ತಿಂಗಳ ದುಡಿಮೆಯ ರುಚಿ ಹೇಳಬೇಕೆಂದರೆ, ಬೇಯಿಸಿದ ಗೋಣಿಯ ನೀರಿಗೆ ಜ್ವರದ ಮದ್ದು ಬೆರೆಸಿದ ಹಾಗಿತ್ತು. ಆದರೂ ಗಂಟಲಲ್ಲಿ ಇಳಿಯುವಾಗ ಒಂದು ಸಣ್ಣ ಬಿಸಿ. ಸಿರಿಲ್ ಕಣ್ಣು ಮುಚ್ಚಿ, ಇನ್ನೊಂದು ಗುಟುಕಿಗೆ ಅಂಗೈ ಚಾಚಿದ. ಸಂಜೀವಣ್ಣ ತಾವು ಚಕ್ಕುಲಿಯನ್ನು ಮಾತ್ರ ತೆಗೆದುಕೊಂಡರು.

ಉಳಿದದ್ದನ್ನು ಸುರಿಯಬೇಕಿತ್ತು. ಬಾತ್‌ರೂಮಿಗೆ ಸುರಿಯುವ ಎಂದ ಸಿರಿಲ್, ಅಜ್ಜನಿಗೆಂದು ಮಾಡಿದ್ದನ್ನು ಅಲ್ಲಿ ಸುರಿಯುವುದಾ ಎಂದರು ಸಂಜೀವಣ್ಣ. ಅಂಗಳದ ಖರ್ಜೂರದ ಬುಡಕ್ಕೆ ಎಂದು ತೀರ್ಮಾನವಾಯಿತು. ಕ್ಯಾನನ್ನು ಅವರೇ ಹೆಗಲಿಗೆ ಎತ್ತಿಕೊಂಡರು.

"ಪಚ್ಚು, ನೀನು ನನ್ನ ಜೊತೆ ಬಾ," ಎಂದರು ಮೆಲ್ಲಗೆ. "ಒಬ್ಬನೇ ಇಳಿದರೆ ಕೆಳಗೆ ಮುಟ್ಟುವಾಗ ಕ್ಯಾನು ಹಗುರ ಆದೀತು."

ಎರಡು ಮಹಡಿ, ಮೂವತ್ತೆಂಟು ಮೆಟ್ಟಿಲು. ಕ್ಯಾನಿನ ಬಾಯಿ ಅವರ ಮೂಗಿಗೆ ಒಂದು ಗೇಣು. ನಡುವಿನ ತಿರುವಿನಲ್ಲಿ ಒಂದು ಸಲ ನಿಂತರು, ಕಣ್ಣು ಮುಚ್ಚಿದರು. ನಾನು ಈಜಿಪ್ಟಿನ ಮ್ಯಾನೇಜರನ ಸ್ವರದಲ್ಲಿ "ಯಲ್ಲಾ ಹಬೀಬಿ, ನಾಳೆ, ನಾಳೆ" ಎಂದೆ. ಅವರ ಹೊಟ್ಟೆ ನಗುವಿಗೆ ಕುಲುಕಿತು, ಕ್ಯಾನೂ ಕುಲುಕಿತು, ಮತ್ತೆ ಇಳಿದೆವು. ಊರಲ್ಲಿ ಮರ ನಮಗೆ ಕಳ್ಳು ಕೊಡುತ್ತದೆ, ಇಲ್ಲಿ ನಾವು ಮರಕ್ಕೆ ಕುಡಿಸಿದೆವು. ಒಣ ಮರಳು ಗುಟುಗುಟು ಕುಡಿದುಬಿಟ್ಟಿತು. ಕೊನೆಯ ಹನಿ ಬಿದ್ದ ಮೇಲೂ ಸಂಜೀವಣ್ಣ ಕ್ಯಾನನ್ನು ತಲೆಕೆಳಗೆ ಹಿಡಿದೇ ನಿಂತಿದ್ದರು.

ಆಮೇಲೆ ಅವರಿಗೆ ಏನಾಯಿತೋ. ಹರಕೆ ಇಳಿದ ಖುಷಿಯೇ ಇರಬೇಕು. ಕ್ಯಾನು ಕೆಳಗಿಟ್ಟು, "ನೀನು ಎಲ್ಲರದ್ದೂ ಮಾಡ್ತೀಯಲ್ಲ, ನಾನೊಬ್ಬನದ್ದು ಮಾಡ್ತೇನೆ, ನೋಡು" ಎಂದರು. ಪಂಚೆಯನ್ನು ಒಂದು ಬದಿಗೆ ಮಾತ್ರ ಎತ್ತಿ ಕಟ್ಟಿದರು. ಎಡ ಹೆಗಲು ಜೋತುಬಿತ್ತು. ಮುಂದಿನ ಹೆಜ್ಜೆ ಎಲ್ಲಿ ಇಡುವುದೆಂದು ನೆಲವನ್ನೇ ಕೇಳುವವರ ಹಾಗೆ ಕಾಲನ್ನು ಗಾಳಿಯಲ್ಲಿ ತೂಗಿ, ಖರ್ಜೂರದ ಮರದಿಂದ ಮೆಟ್ಟಿಲ ತನಕ ನಡೆದರು. ನಡುವೆ ಕಾಣದ ಒಂದು ತೋಡು ದಾಟಿದರು. ಕಾಣದ ಒಂದು ನಾಯಿಗೆ ಮರ್ಯಾದೆಯಿಂದ ದಾರಿ ಬಿಟ್ಟರು. ಮುಚ್ಚಿದ ಬಾಗಿಲೊಂದರ ಮುಂದೆ ನಿಂತು, ಕೂದಲು ಸರಿಮಾಡಿಕೊಂಡು, ತಾನು ಕುಡಿದೇ ಇಲ್ಲ ಎಂಬ ಮುಖ ಹಾಕಿಕೊಂಡರು. ಹದಿಮೂರು ವರ್ಷ ಹಿಂದಿನ ಸಂಜೀವ, ಗಡಂಗಿನಿಂದ ಮನೆಗೆ ಬರುತ್ತಿದ್ದವನು. ನಾನು ಮರಳಿನ ಮೇಲೆ ಬಿದ್ದು ನಕ್ಕೆ. ಅದನ್ನು ಆಮೇಲೆ ಎಷ್ಟೋ ಸಲ ಕನ್ನಡಿಯ ಮುಂದೆ ಮಾಡಿ ನೋಡಿದ್ದೇನೆ. ಬರುವುದಿಲ್ಲ.

ಅಷ್ಟರಲ್ಲಿ ಮಗ್ರಿಬಿನ ನಮಾಜಿಗೆ ಅಂಗಡಿ ಮುಚ್ಚಿ ಹೊರಟಿದ್ದ ಹಮೀದಾಕ ಗೇಟಿನಲ್ಲಿ ನಿಂತದ್ದು ಕಂಡಿತು. ತೂರಾಡುವ ಸಂಜೀವಣ್ಣನನ್ನು ನೋಡಿ ಅವರ ಮುಖದ ರಕ್ತವೇ ಇಂಗಿತ್ತು.

"ಕುಡಿದೆಯಾ ಸಂಜೀವಾ?"

ಸಂಜೀವಣ್ಣ ನೆಟ್ಟಗೆ ನಿಂತು ಪಂಚೆ ಇಳಿಸಿದರು. ಇಲ್ಲ ಎಂದು ತಲೆಯಾಡಿಸಿದರು. ಹಮೀದಾಕ ಹತ್ತಿರ ಬಂದು, ಪೊಲೀಸರ ಹಾಗೆ ಅಲ್ಲ, ಮನೆಯ ಹೆಂಗಸಿನ ಹಾಗೆ, ಊದು ಎಂದರು. ಸಂಜೀವಣ್ಣ ಬಾಯಿ ತೆರೆದು ಅವರ ಮುಖಕ್ಕೆ ಉದ್ದವಾಗಿ ಊದಿದರು.

"ಚಕ್ಕುಲಿ," ಎಂದರು ಹಮೀದಾಕ. ಗಡ್ಡಕ್ಕೆ ಅಂಟಿದ ಚೂರನ್ನು ಒರೆಸಿಕೊಂಡು ನಮಾಜಿಗೆ ಹೋದರು.